ನಾಕು ಸಲ ಕುಂತರ

ಡೋಣಿಗೆ ಮುಂಜಾನಿ ಏಳರ ಬಸ್ಸು.
ದಾವಲಸಾಬ ಮೊದಲ ಕೋಲು ಇಳಿಸತಾನ,
ಆಮ್ಯಾಲ ಎಡಗಾಲು,
ಆಮ್ಯಾಲ ಒಂದು ‘ಯಾ ಅಲ್ಲಾ’,
ಕಡೀಕ ಬಲಗಾಲು.
ಅಂವ ಪೂರಾ ಇಳಿಯೂತನಾ ನಾ ಹಿಂದ ನಿಂತು ಕಾಯತೀನಿ.
ಕಂಡಕ್ಟರ್ ಸೀಟಿ ಊದೂದಿಲ್ಲ.
ಅವಗೂ ನಾವು ರೂಢಿ ಆಗೀವಿ.

ಈ ಗುಡ್ಡ ನಾವು ಅಳದದ್ದು.
ನಾ ಸರ್ವೇದಾಂವ, ಅಂವ ಸರಪಳಿ ಹಿಡಿಯಾಂವ.
ಮೂವತ್ಮೂರು ಫೂಟಿನ ಸರಪಳಿ,
ಆ ತುದಿಗೆ ಅಂವ, ಈ ತುದಿಗೆ ನಾನು.
ಇಪ್ಪತ್ತಾರು ವರ್ಷ ಹಂಗ ನಡದಿವಿ
ಕಪ್ಪತಗುಡ್ಡದ ಸೆರಗು ಹಿಡಕೊಂಡು,
ನಡುವ ಕಬ್ಬಿಣ ಇಟಗೊಂಡು.
ಅವನ ಮಾರಿ ನೋಡಿದ್ದು ಕಮ್ಮಿ.
ಬೆನ್ನು ಮಾತ್ರ ಬಾಯಿಪಾಠ:
ಖಾಕಿ ಅಂಗಿ, ಅದರ ಮ್ಯಾಲ
ಬೆವರಿನ ಉಪ್ಪು ಬರದ ನಕಾಶಿ.

ಆಗ ನನಗ ಒಂದ ಧ್ಯಾಸ.
ಹೊತ್ತು ಮುಣಗೂದ್ರಾಗ ಬಾಂದಗಲ್ಲು ಮುಟ್ಟಬೇಕು,
ಪುಸ್ತಕದಾಗ ಅಂಕಿ ಬೀಳಬೇಕು,
ಮುಂಡರಗಿ ಬಸ್ಸು ಸಿಗಬೇಕು.
ಏರು ಅಂದರ ಲೆಕ್ಕದಾಗ ಕಳಿಯೂ ಬಾಬತ್ತು.
ಕಾಗದದ ಮ್ಯಾಲ ಎಲ್ಲಾ ನೆಲಾನೂ ಸಪಾಟ.
ಎದಿ ಒಡಿಯೂ ಹಂಗ ಹತ್ತಿದರೂ
ಸರಕಾರಕ್ಕ ಏರು ಕಾಣತಿದ್ದಿಲ್ಲ.
ನನಗೂ.

ಈಗ ಮೊಣಕಾಲಿನ ಒಳಗೊಂದು ಹಳೇ ಬಾಗಲಾ,
ಹೆಜ್ಜಿಗೊಮ್ಮೆ ಕಿರ್ ಅಂತ ತೆರಕೋತದ.
ಗದಗಿನ ಎಲುವಿನ ಡಾಕ್ಟರು ‘ಗುಡ್ಡ ಬ್ಯಾಡ’ ಅಂದ್ರು.
‘ಎಷ್ಟು ಬ್ಯಾಡ್ರಿ?’ ಅಂದೆ.
ನಕ್ಕು, ‘ಸ್ವಲ್ಪ ಬ್ಯಾಡ’ ಅಂದ್ರು.
ಆ ಸ್ವಲ್ಪ ಬಿಟ್ಟು
ಉಳಿದದ್ದು ನಡೀತೀವಿ.

ಮಜ್ಜಿಗಿ ಹುಲ್ಲು ಸೊಂಟದ ಮಟ ಬೆಳದದ.
ದಾವಲಸಾಬ ಒಂದು ಎಸಳು ಹರದು, ತಿಕ್ಕಿ,
ನನ್ನ ಮೂಗಿಗೆ ಹಿಡೀತಾನ.
ಇಪ್ಪತ್ತಾರು ವರ್ಷ ತುಳದ ಹುಲ್ಲು.
ವಾಸನಿ ಗೊತ್ತಾಗಿದ್ದು ಹೋದ ಶ್ರಾವಣದಾಗ.
ಆ ದಿನ್ನಿ ಮ್ಯಾಲ ಗಾಳಿ ಪಂಕಾ ಸಾಲಾಗಿ ನಿಂತಾವ.
ಒಂದು ತಿರಗವಲ್ದು.
‘ಅದಕ್ಕೂ ಕೀಲು ಹಿಡದದ್ರಿ ಸಾಹೇಬ್ರ’ ಅಂತಾನ.
ಸಾಹೇಬ್ರ ಅನ್ನೂದು ಬಿಡೋ ಅಂದರ,
‘ನಾ ಬಿಟ್ಟೀನಿ, ಬಾಯಿ ಬಿಡವಲ್ದು.’

ಎರಡನೇ ತಿರುವಿನಾಗ ಬಾಂದಗಲ್ಲು ಸಿಕ್ಕಿತು.
ಅರ್ಧ ಮಣ್ಣಾಗ, ಅರ್ಧ ಪಾಚಿಯೊಳಗ,
ಮಗ್ಗಲಾಗ ಇರಬಿ ಗೂಡು.
ನಾನ ಹುಗಿಸಿದ್ದು.
ಕುಂತೆ ಅದರ ಮ್ಯಾಲ.
ರೊಟ್ಟಿ ಬಿಚ್ಚೂ ಮುಂದ ಬಾಯಿಗೆ ಬಂತು:
‘ದಾವಲಸಾಬ, ಇದು ಒಂದೂವರಿ ಫೂಟು ತಪ್ಪೈತಿ.
ಆವತ್ತ ಗೊತ್ತಿತ್ತು ನನಗ.
ಬಸ್ಸಿಗೆ ಹೊತ್ತಾಗಿತ್ತು.’
ಅಂವ ಶೇಂಗಾ ಚಟ್ನಿ ಹಚ್ಚಕೋತ
‘ನನಗೂ ಗೊತ್ತಿತ್ರಿ’ ಅಂದ.
‘ಮತ್ತ ಯಾಕ ಅನಲಿಲ್ಲ?’
‘ನೀವು ಆ ತುದಿಗೆ ಇದ್ರಿ.
ಅಷ್ಟು ದೂರ ಒದರೂವಷ್ಟು ದೊಡ್ಡ ಮಾತಲ್ಲ ಅನಿಸ್ತು.’
ಇರಬಿ ಮಾತ್ರ
ಆ ಕಡೆಯಿಂದ ಈ ಕಡೆಗೆ,
ಈ ಕಡೆಯಿಂದ ಆ ಕಡೆಗೆ
ಅಕ್ಕಿನುಚ್ಚಿನಂಥಾ ತತ್ತಿ ಸಾಗಿಸತಿದ್ದುವು.

ಮೂರು ಹುಡುಗರು ಓಡಿಕೋತ ಬಂದರು,
ಕೈಗೆ ಗಡಿಯಾರ, ಗಡಿಯಾರದಾಗ ಎದಿಬಡಿತ.
‘ಅಜ್ಜಾ, ತುದಿ ಇನ್ನಾ ಎಷ್ಟು ದೂರ?’
ನನ್ನ ಬಾಯಾಗ ಅಂಕಿ ತಯಾರಿತ್ತು.
ದಾವಲಸಾಬ ಮೊದಲ ಅಂದ:
‘ನಾಕು ಸಲ ಕುಂತರ ಬರತೈತಿ, ತಮ್ಮಾ.’
‘ಕುಂಡರದಿದ್ದರ?’
‘ಹಂಗೂ ಹೋಗೀವಪಾ ಭಾಳ ಸಲ.
ನೆನಪಿಲ್ಲ.’

ನಾವು ಎರಡ ಸಲ ಕುಂತಿವಿ ಇವತ್ತ.
ಮಳಿ ಮೋಡ ಕಟ್ಟಿತು, ಹೊಡಮರಳಿದಿವಿ.
ಏರಿನಕಿಂತ ಇಳಿವಿನ ಕಾಟ ಜಾಸ್ತಿ;
ಕೆಂಪು ಮಣ್ಣಾಗ ಹರಳು ಜಾರತಾವ,
ಮೊಣಕಾಲು ಒಂದೊಂದಕ್ಕೂ ಸಹಿ ಕೇಳತದ.
ಮುಂದ ಇಳದ ದಾವಲಸಾಬ ನಿಂತು, ತಿರುಗಿ,
ತನ್ನ ಕೋಲು ನನ್ನ ಕಡೆ ಚಾಚಿದ.
ಆ ತುದಿ ಅಂವ ಹಿಡದ,
ಈ ತುದಿ ನಾ ಹಿಡದೆ.
ಮೂರು ಫೂಟು ಇರಬೇಕು, ಬಾಳ ಅಂದರ ಮೂರೂವರಿ.
ಮಾರಿ ಕಾಣತಿತ್ತು,
ಗಲ್ಲದ ಮ್ಯಾಲ ಚಟ್ನಿ ಅಂಟಿದ್ದೂ ಕಾಣತಿತ್ತು.

‘ಜಗ್ಗಲೇನೋ?’ ಅಂದೆ, ಹಳೇ ದನಿಯಾಗ.
‘ಜಗ್ಗಬ್ಯಾಡ್ರಿ’ ಅಂದ.
‘ಬಿಡಲೂಬ್ಯಾಡ್ರಿ.’