ತೂಕದ ಯಂತ್ರ, ವಾಡಿ ಜಂಕ್ಷನ್

ಗೋವಾದ ಹಡಗಿನೊಳಗ ಮೂರು ಚಳಿಗಾಲ
ಜೂಜಿನ ಯಂತ್ರ ರಿಪೇರಿ ಮಾಡಿ ಬಂದ ಮಶಾಕಸಾಬ
ಈಗ ವಾಡಿ ಸ್ಟೇಷನ್ನಿನ ಎದುರು
ಮಿಕ್ಸರ್, ಫ್ಯಾನು, ಇಸ್ತ್ರಿಪೆಟ್ಟಿಗೆ ಬಿಚ್ಚತಾನ.
ಮೇಜಿನ ಮ್ಯಾಲ ಒಂದು ಹಳೇ ಡಬ್ಬಿ,
ಸಂಬಳ ಕೊಡಲಾರದ ಮಾಲಕ ಕೊಟ್ಟದ್ದಂತ.

"ಬಾ ಅಣವೀರ, ಮೊಬೈಲ್ ಕಿಸೆದಾಗ ಇಡು.
ನಿನ್ನ ಆಟದ ಅಜ್ಜ ಇಲ್ಲೇ ಕುಂತಾನ, ಹೊಟ್ಟಿ ನೋಡು."
ನಾಲ್ಕು ಸ್ಕ್ರೂ ಬಿಚ್ಚಿದ.
ಮೂರು ಗಾಲಿ, ಒಂದೊಂದಕ್ಕ ಇಪ್ಪತ್ತು ಚಿತ್ರ:
ಗಂಟೆ, ನಿಂಬಿ,
ನಮ್ಮ ಸೀಮ್ಯಾಗ ಯಾರೂ ತಿನ್ನದ ಚೆರ್ರಿ.
ಏಳರ ಅಂಕಿ ಮಾತ್ರ ಗಾಲಿಗೊಂದೇ.

ಇಪ್ಪತ್ತಿಪ್ಪತ್ಲೆ ನಾನೂರು,
ನಾನೂರಿಪ್ಪತ್ಲೆ ಎಂಟು ಸಾವಿರ,
ಬೀಡಿ ಕಟ್ಟಿನ ಕಾಗದದ ಮ್ಯಾಲ ಬರೆದ.
ಎಂಟು ಸಾವಿರದಾಗ ಒಮ್ಮೆ ಮೂರು ಏಳು.
ಹತ್ತು ಸೆಕೆಂಡಿಗೊಂದು ಸುತ್ತು ಹೊಡೆದರ
ಇವತ್ತಿನ ಉದ್ಯಾನ ಎಕ್ಸ್‌ಪ್ರೆಸ್ ಹೋದಾಗ ಕುಂತಾಂವ
ನಾಳಿನ ಉದ್ಯಾನ ಬರೂತನಕ ಏಳಬ್ಯಾಡ,
ಉಚ್ಚಿಗೂ ಹೋಗಬ್ಯಾಡ.
ಆಗಲೂ ಬಂದೇ ಬರ್ತದಂತ ಯಾರೂ ಬರಕೊಟ್ಟಿಲ್ಲ.

"ನಿನ್ನೆ ರಾತ್ರಿ ಎರಡು ಏಳು ಕುಂತಿದ್ದವು ಕಾಕಾ,
ಮೂರನೇದು ಕೂದಲೆಳಿಯಷ್ಟರಾಗ ತಪ್ಪಿತು."
ಅಂವ ನಗಲಿಲ್ಲ. ಬೆರಳಿಂದ ಗಾಲಿ ತಿರುವಿದ.
"ಕೂದಲೆಳಿ ಆಗಲಿ, ಹರದಾರಿ ಆಗಲಿ, ಎರಡಕ್ಕೂ ಒಂದೇ ದರ.
ಸಮೀಪ ಬಂದಂಗ ಕಾಣೋದು
ಗಾಲಿ ಮಾಡಿದವನ ಕೈಚಳಕ.
ಇದಕ ನೆನಪಿಲ್ಲ ತಮ್ಮಾ.
ನೀ ನಲವತ್ತು ಸಲ ಸೋತದ್ದು ಇದಕ ಗೊತ್ತೇ ಇಲ್ಲ,
ಮರುಕ ಎಲ್ಲಿಂದ ಬರಬೇಕು?"

ಆಡಬ್ಯಾಡ ಅಂತ ಅಂವ ಅನಲಿಲ್ಲ.
ಅದೇ ನನಗ ವಿಚಿತ್ರ ಅನಿಸಿತು.
ಹಡಗಿಗೆ ಒಬ್ಬ ಮುದುಕಿ ಬರತಿದ್ಳಂತ, ಪೋಂಡಾದಾಕಿ,
ಐನೂರು ರೂಪಾಯಿ ಸೆರಗಿಗೆ ಗಂಟು ಹಾಕಿ,
ಮನಿಗೆ ಮುಟ್ಟಿಸೋ ಆಟೋದವಗ ಮುಂಚೇನೇ ರೊಕ್ಕ ಕೊಟ್ಟು.
ಗಂಟು ಖಾಲಿ ಆದ್ರ ಆತು, ಎದ್ದಳು.
ಗೆದ್ದದ್ದು ಮತ್ತ ಯಂತ್ರದ ಬಾಯಿಗೆ ಹೋಗತಿರಲಿಲ್ಲ.
"ಸಿನಿಮಾ ನೋಡಿದ ಮ್ಯಾಲ ಟಿಕೀಟಿನ ರೊಕ್ಕ
ಯಾರಾರೆ ವಾಪಸ್ ಕೇಳ್ತಾರೇನು?" ಅಂತಿದ್ಳಂತ.
"ಆಕಿನ್ನ ಬಿಟ್ಟರ ಆ ಹಡಗಿನಿಂದ ನಗತಾ ಇಳದವರನ್ನ
ನಾ ಕಂಡಿಲ್ಲ."

ಅಕ್ಕನ ಹೊಲಿಗಿ ಮಷಿನ್ನಿನ ಎರಡು ಕಂತು
ನನ್ನ ಮೊಬೈಲಿನೊಳಗ ಮುಳುಗಿದ್ದು ಅವಗ ಹೇಳಲಿಲ್ಲ.
ಅಂವ ಕೇಳಲೂ ಇಲ್ಲ, ಸ್ಕ್ರೂ ಹಾಕಿದ.

ಪ್ಲಾಟ್‌ಫಾರ್ಮಿನ ತೂಕದ ಯಂತ್ರಕ್ಕ ನಾಣ್ಯ ಹಾಕಿ ನಿಂತೆ.
ಕೆಂಪು ಹಳದಿ ದೀಪ ಗರಗರ ತಿರುಗಿ
ಚೀಟಿ ಉದುರಿತು. ಐವತ್ತೆಂಟು ಕಿಲೋ.
ಹಿಂದ ಅಚ್ಚಾಗಿತ್ತು: ಶೀಘ್ರದಲ್ಲಿಯೇ ಧನಲಾಭ.
ಹರೀಬೇಕು ಅನಕೊಂಡೆ.
ಇನ್ನೂ ಕಿಸೆದಾಗ ಅದ.