ಬಿಗಿ ಬ್ಯಾರೆ, ಗಟ್ಟಿ ಬ್ಯಾರೆ

ಬ್ರೇಕು ಹಿಡಿದರೆ ಸಾಕು, ಮೂಗು ಊರುತ್ತಿತ್ತು ಗಾಡಿ.
ಜವಳಗೇರಾ ದಾಟಿ ಕಾಲುವೆ ದಂಡೆಗೆ ಬಂದರೆ
ಕುಣಿಗೊಂದು ಟಕ್,
ಉಬ್ಬಿಗೊಂದು ಟಕ್,
ಕಬ್ಬಿಣಕ್ಕೆ ಕಬ್ಬಿಣ ತಾಕಿದ್ದು
ನನ್ನ ಮಣಿಕಟ್ಟಿನಲ್ಲಿ ಬಂದು ಕೂಡುತ್ತಿತ್ತು.
ಹಿಂದೆ ಹಗ್ಗದಲ್ಲಿ ಬಿಗಿದ ನೈಟ್ರೋಜನ್ ಕ್ಯಾನು
ಮುಚ್ಚಳದ ಸಂದಿಯಿಂದ ಬೆಳ್ಳಗೆ ಉಸಿರು ಬಿಡುತ್ತಿತ್ತು,
ಇನ್ನೂ ಹುಟ್ಟದ ಕರುಗಳೆಲ್ಲ ಒಳಗೆ ಬೆದರಿದಂತೆ.

ಸಿಂಧನೂರಿನ ಲಾಲಸಾಬ ಗಾಡಿ ನೋಡಲಿಲ್ಲ, ನನ್ನ ನೋಡಿದ.
"ಎಷ್ಟದೀರಿ ಡಾಕ್ಟರ?"
ಡಾಕ್ಟರಲ್ಲ ನಾನು, ದನಗಳಿಗೆ ಸೂಜಿ ಹಾಕುವವ.
ಎಲ್ಲರೂ ಹಾಗೇ ಅನ್ನುತ್ತಾರೆ, ನಾನೂ ತಿದ್ದುವುದಿಲ್ಲ.
"ಎಂಬತ್ತೆರಡು" ಅಂದೆ.
"ಅದು ಮದುವಿ ಫೋಟೋದಾಗಿಂದು. ಇವತ್ತಿಂದು ಹೇಳ್ರಿ."

ಎದುರಿನ ರೈಸ್ ಮಿಲ್ಲಿನ ತಕ್ಕಡಿ.
ಹೆಲ್ಮೆಟ್ಟು, ಬೂಟು, ಚೀಲ, ಕ್ಯಾನು,
ದಿನಾ ಏನೇನು ಹೊರುತ್ತೇನೋ ಅಷ್ಟೂ ಹೊತ್ತು
ಸೋನಾ ಮಸೂರಿ ಚೀಲಗಳ ನಡುವೆ ನಿಂತೆ.
ತೂಕದ ಹುಸೇನಪ್ಪ ರೂಢಿಯಂತೆ ಕೂಗಿದ:
"ನೂರಾ ಹದಿನೇಳು! ತ್ಯಾವ ಎಷ್ಟು ಕಳೀಲಿ?"
ಹಮಾಲರು ನಕ್ಕರು. ನಾನು ಮನಸ್ಸಿನಲ್ಲೇ ಕಳೆದೆ:
ಕ್ಯಾನು ಹನ್ನೆರಡು, ಉಳಿದ ಸಾಮಾನು ಆರು.
ಉಳಿದದ್ದು ನಾನು, ತೊಂಬತ್ತೊಂಬತ್ತು.
ಅದರಲ್ಲಿ ಹದಿನೇಳು ಕಿಲೋ
ಇಷ್ಟು ವರ್ಷ ಬಾಯಲ್ಲೇ ಬಚ್ಚಿಟ್ಟದ್ದು.

"ಕಂಪನಿಯವರು ಯಾರೋ ಒಬ್ಬನ್ನ
ಮನಸ್ಸಿನಾಗ ಇಟಗೊಂಡು ಸ್ಪ್ರಿಂಗ್ ಮಾಡಿರತಾರ್ರಿ.
ಅರವತ್ತೈದು ಕಿಲೋ. ಎರಡು ರೊಟ್ಟಿಗೇ ಕೈ ತೊಳಿಯಾಂವ.
ಹಿಂದ ಕ್ಯಾನಿಲ್ಲ, ಹೆಂಡತಿ ಇಲ್ಲ, ಸಂತಿ ಚೀಲಿಲ್ಲ."

ಹನ್ನೊಂದು ವರ್ಷ ನಾನು ಅವನ ಸೀಟಿನಲ್ಲಿ ಕೂತಿದ್ದೆ.

ಅಗ್ಗದ ದಾರಿ ಕೇಳಿದೆ: ಮೇಲೊಂದು ಪೈಪಿನ ತುಂಡು ಇಟ್ಟು
ಇದನ್ನೇ ಬಿಗಿ ಮಾಡಬಾರದೇ?
"ಬಿಗಿ ಬ್ಯಾರೆ, ಗಟ್ಟಿ ಬ್ಯಾರೆ ಡಾಕ್ಟರ.
ಬಿಗಿ ಮಾಡಿದ್ರ ಎತ್ತರ ನಿಂದರತೈತಿ, ಅಷ್ಟ.
ಭಾರ ಬಿದ್ದಾಗ ಅದ ಮೆತ್ತಗಿನ ತಂತಿ."
ನನ್ನ ಕೈ ತಾನಾಗಿ ಬೆಲ್ಟಿನ ಕೊನೆಯ ತೂತಿಗೆ ಹೋಯಿತು.

ಒಂಬತ್ತನೇ ದಿನ ಪುಣೆಯಿಂದ ಬಂತು ಜೋಡಿ,
ಮರಾಠಿ ಪೇಪರಿನಲ್ಲಿ ಸುತ್ತಿಕೊಂಡು.
ಹಳೆಯ ಎಣ್ಣೆ ಬಸಿದರೆ ಸತ್ತ ಮೀನಿನ ನಾತ.
ಹೊಸದರ ತಂತಿ ದಪ್ಪ. ಅಷ್ಟೇ ವ್ಯತ್ಯಾಸ,
ಎಲೆಯಡಿಕೆ ಕಡ್ಡಿಯಷ್ಟು.
ಬಲಗಾಲಿಗೆ ಪ್ಲಾಸ್ಟಿಕ್ ಟ್ಯಾಗು ಕಟ್ಟಿದ,
ನಾನು ದನದ ಕಿವಿಗೆ ಓಲೆ ಹೊಡೆಯುವ ಶ್ರದ್ಧೆಯಲ್ಲೇ.
"ಕುಂದರ್ರಿ. ಉಸಿರು ಹಿಡೀಬ್ಯಾಡ್ರಿ, ತೂಕ ಕಮ್ಮಿ ಆಗಂಗಿಲ್ಲ."
ಟೇಪು ಹಿಡಿದ.
ಮೊದಲು ಅರವತ್ನಾಲ್ಕು ಮಿಲಿಮೀಟರ್ ಕುಸಿದಿತ್ತು.
ಈಗ ಮೂವತ್ತೆಂಟು.
"ಈಗ ಗಾಡಿ ನಿಮ್ಮದಾತು" ಅಂದ, ಕೈ ಒರೆಸಿಕೊಳ್ಳುತ್ತ.

ಹಳೆಯವನ್ನು ಗುಜರಿಗೆ ಹಾಕಲು ಎತ್ತಿದೆ.
"ತಡೀರಿ. ಲೇ ಮೌನೇಶಾ!"
ಗ್ರೀಸಿನ ಡಬ್ಬಿ ಮೇಲೆ ಕೂತು
ಮಂಡಕ್ಕಿ ತಿನ್ನುತ್ತಿದ್ದ ಹುಡುಗ ಎದ್ದ.
ಅವನಿಗೂ ಇದೇ ಗಾಡಿಯಂತೆ, ಅಪಘಾತದ್ದು,
ಫೋರ್ಕಿನಲ್ಲಿ ಒಂದು ಸ್ಪ್ರಿಂಗು ಮುರಿದದ್ದು.
ಅದರೊಳಕ್ಕೆ ನನ್ನವು ಇಳಿದವು. ಹುಡುಗ ಹತ್ತಿ ಕೂತ.
ಲಾಲಸಾಬ ಬಗ್ಗಿ ಟೇಪು ಓದಿ, ಏನೂ ಹೇಳದೆ
ನನಗೂ ತೋರಿಸಿದ. ಮೂವತ್ತೊಂಬತ್ತು.

ಯಾರೋ ದೂರದ ಊರಲ್ಲಿ ಕಾಗದದ ಮೇಲೆ ಕಲ್ಪಿಸಿದ ಮನುಷ್ಯ
ಇಲ್ಲಿದ್ದ. ತುಟಿಗೆ ಒಗ್ಗರಣೆಯ ಅರಿಶಿನ ಅಂಟಿತ್ತು.
ನಾನು ಗಾಡಿ ಕೊಂಡಾಗ ಅವನಿಗೆ ಏಳೋ ಎಂಟೋ.
"ಮಸ್ತ್ ಐತ್ರಿ ಸಾರ್" ಅಂದು ಹ್ಯಾಂಡಲ್ಲು ಒತ್ತಿ ಒತ್ತಿ ನೋಡುತ್ತಿದ್ದ.
ಅವನದನ್ನು ಅವನಿಗೆ ಕೊಟ್ಟು
ನಾನು ಯಾಕೋ ಐವತ್ತು ರೂಪಾಯಿ ಬೇರೆ ಕೊಟ್ಟೆ.

ಸಂಜೆ ಫೋನು: ಹಸು ಬೆದೆಗೆ ಬಂದಿದೆ, ಬೇಗ ಬನ್ನಿ.
ಅದೇ ದಂಡೆ, ಅದೇ ಉಬ್ಬು.
ಮಣಿಕಟ್ಟು ಮೊದಲೇ ನೋಯಲು ಸಿದ್ಧವಾಗಿತ್ತು.
ದನ ಮಲಗುವಾಗ ಮುಂಗಾಲು ಮೊದಲು ಮಡಚುತ್ತದೆ.
ಹನ್ನೊಂದು ವರ್ಷ ಈ ಗಾಡಿ
ನನ್ನ ಕೆಳಗೆ ಮಲಗಲು ಹೊರಟಿತ್ತೇನೋ.
ಇವತ್ತು ಬಾಗಿತು, ತಡೆಯಿತು, ಎದ್ದಿತು.
ನಂಬದೆ ತಿರುಗಿಸಿ
ಇನ್ನೊಂದು ಸಲ ಅದೇ ಉಬ್ಬಿಗೆ ಹೋದೆ.
ಗದ್ದೆಯಲ್ಲಿ ನೀರು ಕಟ್ಟುತ್ತಿದ್ದ ಹೆಂಗಸು
ಸೊಂಟಕ್ಕೆ ಕೈಯಿಟ್ಟು ಕೂಗಿದಳು:
"ಏನ್ ಕಳಕೊಂಡ್ರಿ ಡಾಕ್ಟರ?"