ಬೇರು ತೊಳೆದ ನೀರು

ಹನ್ನೆರಡು ತಳಿ ಅವರೆ, ಎರಡು ಮಡಿ.
ಒಂದಕ್ಕೆ ಸೂಪರ್ ಫಾಸ್ಫೇಟ್ ಹಾಕಿದ್ದಾರೆ, ಒಂದಕ್ಕೆ ಇಲ್ಲ.
ಚಳ್ಳಕೆರೆಯಿಂದ ಪರಶುರಾಂಪುರದ ಕಡೆ ಹೋಗುವಾಗ
ಬಲಕ್ಕೆ ತಿರುಗಿದರೆ ಈ ಹೊಲ: ತಂತಿಬೇಲಿ, ತಗಡಿನ ಶೆಡ್ಡು,
ಶೆಡ್ಡಿನೊಳಗೆ ತಕ್ಕಡಿ, ಜರಡಿ, ನಾನು.
ನನ್ನ ಕೆಲಸ ಬೇರು ತೊಳೆಯುವುದು. ದಿನಗೂಲಿ.

ಸೂಪರ್ ಉಂಡ ಮಡಿಯಲ್ಲಿ ಹೇಳುವಂಥದ್ದೇನೂ ಇಲ್ಲ.
ಹನ್ನೆರಡೂ ಮೊಣಕಾಲೆತ್ತರ, ಹನ್ನೆರಡೂ ಲಕ್ಷಣವಾಗಿವೆ.
ಹೊಟ್ಟೆ ತುಂಬಿದ ಮನೆಯಲ್ಲಿ
ಎಲ್ಲರ ಗುಣವೂ ಒಳ್ಳೆಯದೇ.

ಗುಣ ತಿಳಿಯುವುದು ಆಚೆ ಮಡಿಯಲ್ಲಿ.
ಹಸಿವು ಅಂದರೆ ಹಳದಿ ಅಂದುಕೊಂಡಿದ್ದೆ.
ನಾಜ್ನೀನ್ ಮೇಡಂ ತೋರಿಸಿದರು: ನಾಲ್ಕನೇ ನಂಬರಿನ ಎಲೆ
ಕಡುಹಸಿರು, ತೀರಾ ಹಸಿರು, ಕಪ್ಪಿಗೆ ಹತ್ತಿರ,
ಬೆಳೆಯಲಾಗದೆ ಒತ್ತೊತ್ತಿಕೊಂಡ ಹಸಿರು.
"ರಂಜಕ ಸಾಲ್ತಿಲ್ಲ ಅಂತ ಹೀಗೆ ಹೇಳುತ್ತೆ" ಅಂದರು.
ಅವತ್ತಿನಿಂದ ಯಾರಾದರೂ ತುಂಬಾ ಚೆನ್ನಾಗಿದ್ದೀನಿ ಅಂದರೆ
ನಾನು ಎರಡನೇ ಸಲ ನೋಡುತ್ತೇನೆ.

ಆರು, ಕೆಳಗಿನ ಎಲೆಗಳ ಸತ್ವವನ್ನೆಲ್ಲ
ತುದಿಯ ಚಿಗುರಿಗೆ ದಾಟಿಸಿ, ಅವನ್ನು ಉದುರಿಸಿತು.
ಹನ್ನೊಂದಕ್ಕೆ ಹೂ ಬರುವಷ್ಟರಲ್ಲಿ
ಪಕ್ಕದವು ಕಾಯಿ ಕಟ್ಟಿ ಆಗಿತ್ತು.
ಎರಡರ ಬಗ್ಗೆ ಬರೆಯಲು ಏನೂ ಇಲ್ಲ. ಇಲಿ ತಿಂದಿತು.

ಒಂಬತ್ತರದು ಬೇರೆಯೇ ಲೆಕ್ಕ.
ಅದರ ಬೇರನ್ನು ಜರಡಿಯ ಮೇಲೆ ಬಿಡಿಸಿದರೆ
ಇಳಿದಿರಲಿಲ್ಲ, ಹರಡಿತ್ತು
ಚಾಪೆ ಹಾಸಿದ ಹಾಗೆ, ನಾಲ್ಕು ಬೆರಳಿನ ಆಳದಲ್ಲೇ.
ರಂಜಕ ಮೇಲ್ಮಣ್ಣಿನಲ್ಲೇ ಕೂತಿರುತ್ತದಂತೆ,
ನೀರು ಕರೆದರೂ ಜೊತೆಗೆ ಇಳಿಯುವುದಿಲ್ಲವಂತೆ,
ಕೆಂಪು ಮಣ್ಣು ಅದನ್ನು ಜಿಪುಣನ ಗಂಟಿನ ಹಾಗೆ ಹಿಡಿದಿರುತ್ತದೆ.
ಒಂಬತ್ತರ ಬೇರಿನ ತುಂಬ ನವಿರು ರೋಮ,
ಗಂಟನ್ನು ಎಳೆ ಎಳೆಯಾಗಿ ಬಿಡಿಸುವ ಬೆರಳು.

ಗೆದ್ದಿತು ಅಂದುಕೊಂಡೆವು.
ಆಮೇಲೆ ಹದಿನೆಂಟು ದಿನ ಮೋಡ ಬಂತು, ಹನಿ ಬರಲಿಲ್ಲ.
ಚಾಪೆ ಒಣಗಿತು. ಒಂಬತ್ತು ಬಾಡಿತು.
ನಾಲ್ಕು, ಆ ಕುಳ್ಳ ಕಡುಹಸಿರು, ಅಲುಗಲಿಲ್ಲ.
ಅದರ ತಾಯಿಬೇರು ಮೊಳದಾಳಕ್ಕೆ ಹೋಗಿ
ತಂಪು ಹಿಡಿದುಕೊಂಡಿತ್ತು.
ಒಂದಕ್ಕೆ ಅನ್ನದ ದಾರಿ ಗೊತ್ತಿತ್ತು, ಇನ್ನೊಂದಕ್ಕೆ ನೀರಿನದು.
ಕೊನೆಗೆ ಎಣಿಸಿದರೆ ಎರಡಕ್ಕೂ
ಗಿಡಕ್ಕೆ ಹನ್ನೆರಡೇ ಕಾಯಿ.

ಅಂಚಿನ ಸಾಲಿಗೆ ಬೀಜ ಸಾಲದಿದ್ದಾಗ
ಸಣ್ಣೋಬಮ್ಮ ತನ್ನ ಮನೆಯದೇ ಅರ್ಧ ಸೇರು ತಂದು ಊರಿದ್ದಳು.
ಅಂಚಿನ ಸಾಲನ್ನು ಯಾರೂ ತೂಗುವುದಿಲ್ಲ.
ಗಾಳಿ, ದೂಳು, ದಾರಿಹೋಕ ಆಡು ತಡೆಯಲಿಕ್ಕೆ ಅದು. ನಂಬರಿಲ್ಲ.
ಕೊಯ್ಲಿನ ದಿನ ಕೇಳಿದಳು,
"ಇದರ ಬೇರು ತೊಳೆಯಲ್ವೇನಪ್ಪ?"
ಅಗೆದೆ. ಮೇಲೆ ಹಾಸು, ನಡುವೆ ನೇರ ಒಂದು ಗೂಟ.
ಹದಿನೇಳು ಕಾಯಿ.
ಮೇಡಂ ಎರಡು ಸಲ ಎಣಿಸಿದರು. "ಇದರ ಹೆಸರೇನಮ್ಮ?"
"ಹೆಸರೇನು, ಅವರೆ. ಬೇಗ ಬೇಯ್ತೈತೆ."

ಪೆನ್ನಿನ ಮುಚ್ಚಳ ತೆಗೆದಾಗ ನಾನು ಹೇಳಲೇಬೇಕಾಯಿತು.
ನಲವತ್ತು ಸಂಜೆ ಬೇರು ತೊಳೆದ ಕೆಂಪು ನೀರನ್ನು
ಎಲ್ಲಿ ಚೆಲ್ಲಬೇಕೆಂದು ಯಾರೂ ಹೇಳಿರಲಿಲ್ಲ.
ಶೆಡ್ಡಿಗೆ ಹತ್ತಿರವಿದ್ದದ್ದು ಆ ಸಾಲು.
ಬಕೆಟ್ಟಿನಲ್ಲಿ ಸೂಪರ್ ಉಂಡ ಮಡಿಯ ಮಣ್ಣೂ ಇತ್ತು,
ಹನ್ನೆರಡು ತಳಿಗಳ ಕಾಲು ತೊಳೆದ ನೀರು,
ಆ ಹದಿನೆಂಟು ದಿನವೂ.

ಮೇಡಂ ಬರೆದದ್ದನ್ನು ಹೊಡೆದುಹಾಕಿದರು.
ಆಮೇಲೆ ನಕ್ಕರು, ಸ್ವಲ್ಪ.
"ಬರೋ ವರ್ಷ ನಂಬರು ಕೊಡೋಣ. ನೀರು ಬೇರೆ ಕಡೆ ಚೆಲ್ಲು."

ಹದಿಮೂರು ಅಂತ ಚೀಟಿ ಬರೆದು
ಗೋಣಿದಾರದಲ್ಲಿ ಕಟ್ಟಿ ಇಟ್ಟಿದ್ದೇನೆ.
ಉಗುರಿನ ಸಂದಿಯಲ್ಲಿ ಇನ್ನೂ ಮಣ್ಣಿದೆ.
ಯಾವ ಮಡಿಯದೆಂದು ಕೇಳಿದರೆ
ಹೇಳಲಾರೆ.